ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ: ಗುಂಪು ಸೈಕಲ್ ಯಾತ್ರೆಯ ಒಂದು ದಿನವನ್ನು ನಡೆಸುವ ಬಗೆ

ಹಲವು ದಿನಗಳ ಸೈಕಲ್ ಯಾತ್ರೆಗೆ ಹೊರಡುವ ಗುಂಪುಗಳು ಏರು, ಬಿಸಿಲು, ಎದುರುಗಾಳಿ ಇವುಗಳ ಬಗ್ಗೆಯೇ ಹೆಚ್ಚು ಯೋಚಿಸುತ್ತವೆ. ದಿನದ ಲೆಕ್ಕ ತಪ್ಪುವುದು ಮಾತ್ರ ಹೆಚ್ಚಾಗಿ ನಿಂತಲ್ಲಿ. ಗಂಟೆಗೆ 18 ಕಿ.ಮೀ. ವೇಗದಲ್ಲಿ ತುಳಿಯುವವರಿಗೆ 95 ಕಿ.ಮೀ. ದಾರಿಗೆ ಐದೂಕಾಲು ಗಂಟೆ ಸಾಕು. ಬೆಳಗ್ಗೆ ಆರಕ್ಕೆ ಹೊರಟ ಗುಂಪೊಂದು ರಾತ್ರಿ ಏಳಕ್ಕೆ ಊರು ಸೇರಿತೆಂದರೆ, ಉಳಿದ ಹೊತ್ತೆಲ್ಲ ಟೀ ಅಂಗಡಿಯ ಮುಂದೆ, ತಿರುವಿನಲ್ಲಿ ತಪ್ಪಿಹೋದವರನ್ನು ಹುಡುಕುವುದರಲ್ಲಿ, ಪಂಪು ಯಾರ ಚೀಲದಲ್ಲಿದೆ ಎಂದು ವಿಚಾರಿಸುವುದರಲ್ಲಿ ಕಳೆದಿರುತ್ತದೆ. ಇಂಥ ದಿನವೊಂದನ್ನು ಹೇಗೆ ನಡೆಸಬೇಕೆಂಬುದನ್ನು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳ ಮೇಲೆ ಕೋಲಾರಕ್ಕೆ ಹೋಗುವ ದಾರಿಯನ್ನೇ ಮುಂದಿಟ್ಟುಕೊಂಡು ಇಲ್ಲಿ ಹಂತಹಂತವಾಗಿ ವಿವರಿಸುತ್ತೇನೆ.

ಈ ದಾರಿಯನ್ನು ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಸುಮಾರು ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿಗೊಂದರಂತೆ ತಾಲ್ಲೂಕು ಕೇಂದ್ರಗಳು ಸಿಗುವುದರಿಂದ ನಿಲುಗಡೆಗಳು ತಾವಾಗಿಯೇ ಗೊತ್ತಾಗಿಬಿಡುತ್ತವೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದು ಕೋಲಾರ ಅದಕ್ಕಿಂತ ತಗ್ಗಿನಲ್ಲಿರುವುದರಿಂದ, ಸಣ್ಣಪುಟ್ಟ ಏರಿಳಿತಗಳಿದ್ದರೂ ಒಟ್ಟು ದಾರಿ ಇಳಿಜಾರಿನ ಕಡೆಗೇ ಇದೆ. ಕೋಲಾರಕ್ಕೆ ಹೋಗುವ ರೈಲು ಮಾರ್ಗವೂ ಇದೇ ಊರುಗಳನ್ನು ಹಾದುಹೋಗುತ್ತದೆ. ಓಡುವ ರೈಲುಗಳು ಕಡಿಮೆಯಾದರೂ, ದೇಹ ಸಹಕರಿಸದ ಸವಾರನಿಗೆ ಅದೊಂದು ದಾರಿ ಇದ್ದೇ ಇರುತ್ತದೆ.

ಹಿಂದಿನ ಸಂಜೆ ತೀರ್ಮಾನವಾಗಬೇಕಾದ ವಿಷಯಗಳು

ಊಟಕ್ಕೆ ಕೂರುವ ಮೊದಲು ಎಲ್ಲರೂ ಒಟ್ಟಿಗಿರುವಾಗ ಹದಿನೈದು ನಿಮಿಷ ತೆಗೆದಿಡಿ. ಮೊದಲು ಇಬ್ಬರನ್ನು ಗೊತ್ತುಮಾಡಬೇಕು: ಎಲ್ಲರಿಗಿಂತ ಮುಂದೆ ಹೋಗಿ ವೇಗವನ್ನು ಹಿಡಿತದಲ್ಲಿಡುವವರೊಬ್ಬರು, ಎಲ್ಲರಿಗಿಂತ ಹಿಂದೆ ಬರುವವರೊಬ್ಬರು. ಗುಂಪಿನಲ್ಲಿ ಅತಿ ಗಟ್ಟಿಯಾದ ಸವಾರರನ್ನು ಮುಂದೆ ಬಿಡುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ಅಂಥವರು ಹಿಂದಿರಬೇಕು. ಹಿಂದಿನವರು ಪಂಕ್ಚರ್ ಹಾಕಲು ಬಲ್ಲವರಾಗಿರಬೇಕು, ಕಷ್ಟದಲ್ಲಿರುವವರ ಜೊತೆ ಹತ್ತು ಕಿಲೋಮೀಟರ್ ವೇಗದಲ್ಲಿ ಬೇಸರವಿಲ್ಲದೆ ತುಳಿಯಬಲ್ಲವರಾಗಿರಬೇಕು, ಅಗತ್ಯ ಬಿದ್ದರೆ ಮತ್ತೆ ಗುಂಪನ್ನು ಸೇರಿಕೊಳ್ಳುವಷ್ಟು ಕಸುವು ಅವರಲ್ಲಿ ಉಳಿದಿರಬೇಕು. ಅವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ. ಮೂತ್ರಕ್ಕೆಂದು ನಿಂತರೂ ಅವರಿಗೆ ತಿಳಿಸಿಯೇ ನಿಲ್ಲಬೇಕು.

ಎರಡನೆಯದು ತಿರುವಿನ ನಿಯಮ. ಊರೊಳಗೆ ದಾರಿ ಕವಲೊಡೆಯುವ ಪ್ರತಿ ಕಡೆಯಲ್ಲೂ ಮೊದಲು ಬಂದವರು ನಿಂತು, ತಮ್ಮ ಹಿಂದಿನವರು ಕಣ್ಣಿಗೆ ಬಿದ್ದು ದಾರಿ ತೋರಿಸಿದ ನಂತರವೇ ಮುಂದೆ ಹೋಗಬೇಕು. ಹಾಗೆ ಒಬ್ಬರು ಮತ್ತೊಬ್ಬರಿಗೆ ತಿರುವನ್ನು ಒಪ್ಪಿಸುತ್ತ ಹೋದರೆ ಇಪ್ಪತ್ತು ಜನರ ಗುಂಪಿನಲ್ಲೂ ಯಾರೂ ತಪ್ಪಿಹೋಗುವುದಿಲ್ಲ. ಮೊಬೈಲಿನ ನಕ್ಷೆಯೊಂದನ್ನೇ ನೆಚ್ಚಿಕೊಂಡವರು ನಾಲ್ಕು ಗಂಟೆಯ ನಂತರ ಬ್ಯಾಟರಿ ಮುಗಿಸಿಕೊಂಡು ಯಾವುದೋ ಕೆರೆ ಏರಿಯ ಮೇಲೆ ನಿಂತಿರುತ್ತಾರೆ.

ಹಂಚಿಕೊಳ್ಳಬೇಕಾದ ಸಾಮಾನುಗಳನ್ನೂ ಆಗಲೇ ಹಂಚಿ. ಪ್ರತಿಯೊಬ್ಬರ ಬಳಿ ತಮ್ಮ ಟೈರಿನ ಅಳತೆಯ ಒಂದು ಟ್ಯೂಬ್ ಮತ್ತು ಟೈರನ್ನು ರಿಮ್ಮಿನಿಂದ ಎಬ್ಬಿಸುವ ಎರಡು ಟೈರ್ ಲಿವರ್ ಇರಲೇಬೇಕು, ಏಕೆಂದರೆ ತೆಳು ಟೈರಿನ ಟ್ಯೂಬುಗಳು ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಿಗುತ್ತವೆಂದು ನಂಬಿ ಹೊರಡುವಂತಿಲ್ಲ. ಪಂಪುಗಳು ಎರಡಿರಲಿ, ಒಂದು ಮುಂದಿನವರಲ್ಲಿ, ಇನ್ನೊಂದು ಹಿಂದಿನವರಲ್ಲಿ. ಚೈನಿನ ಕೊಂಡಿ ಬಿಚ್ಚುವ ಚೈನ್ ಟೂಲ್, ತಿರುಪು ಬಿಗಿಯುವ ಅಲೆನ್ ಕೀ ಕಟ್ಟು, ಪ್ರಥಮ ಚಿಕಿತ್ಸೆಯ ಡಬ್ಬಿ ಹಿಂದಿನವರ ಚೀಲಕ್ಕೆ ಸೇರಬೇಕು, ಕೆಟ್ಟು ನಿಂತ ಸೈಕಲ್ಲನ್ನು ಅವರು ದಾಟಿಹೋಗುವುದೇ ಇಲ್ಲವಲ್ಲ. 108 ಆಂಬ್ಯುಲೆನ್ಸಿಗೆ, 112 ತುರ್ತು ನೆರವಿಗೆ ಎಂಬುದು ಎಲ್ಲರಿಗೂ ಗೊತ್ತಿರಲಿ. ಪ್ರತಿಯೊಬ್ಬರೂ ಮನೆಯವರ ಫೋನ್ ಸಂಖ್ಯೆ ಮತ್ತು ರಕ್ತದ ಗುಂಪನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ.

ಬೆಳಗ್ಗೆ ಐದೂವರೆಯಿಂದ ಆರರವರೆಗೆ

ಬೇಸಿಗೆಯಲ್ಲಾದರೆ ಐದೂವರೆಗೇ ಹೊರಡುವುದು ಮೇಲು. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಮೇಲಾದ್ದರಿಂದ ಆರಕ್ಕೆ ಹೊರಟರೂ ಮೊದಲ ಅರ್ಧ ಗಂಟೆ ದೀಪ ಬೇಕು. ನಂದಿಬೆಟ್ಟದ ಸುತ್ತಿನ ಸೀಮೆಯಲ್ಲಿ ಚಳಿಗಾಲದ ಬೆಳಗು ಮಂಜು ಕವಿದಿರುವುದೂ ಉಂಟು, ಅಂಥ ದಿನ ಹಿಂದಿನ ಕೆಂಪು ದೀಪವಿಲ್ಲದ ಸೈಕಲ್ಲನ್ನು ರಸ್ತೆಗೆ ಇಳಿಸಲೇಬಾರದು.

ಹೊರಡುವ ಮುನ್ನ ಸೈಕಲ್ ನೋಡುವುದಕ್ಕೆ ಐದು ನಿಮಿಷ ಸಾಕು. ಮೊದಲು ಟೈರಿನ ಗಾಳಿ: ತೆಳು ಟೈರಿನ ರೋಡ್ ಸೈಕಲ್ಲಿಗೆ 80 ಪಿಎಸ್‌ಐ ಆಸುಪಾಸು, ಹೈಬ್ರಿಡ್‌ಗೆ 60ರ ಆಸುಪಾಸು, ದಪ್ಪ ಟೈರಿನ ಎಂಟಿಬಿಗೆ (ಮೌಂಟನ್ ಬೈಕಿಗೆ) 40ರಿಂದ 50. ಟೈರಿನ ಪಕ್ಕದಲ್ಲಿ ಅಚ್ಚು ಹಾಕಿರುವ ಗರಿಷ್ಠ ಮಿತಿಯನ್ನು ಮೀರಬಾರದು. ಬಳಿಕ ಎರಡೂ ಬ್ರೇಕುಗಳನ್ನು ಒಂದೊಂದಾಗಿ ಒತ್ತಿಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ. ಚಕ್ರವನ್ನು ಎತ್ತಿ ತಿರುಗಿಸಿ, ಬ್ರೇಕಿಗೆ ಎಲ್ಲಾದರೂ ತಾಗುತ್ತಿದೆಯೇ ಎಂದು ಕಿವಿಗೊಡಿ. ಚಕ್ರವನ್ನು ಚೌಕಟ್ಟಿಗೆ ಹಿಡಿದಿಡುವ ಲಿವರ್ ಬಿಗಿಯಾಗಿದೆಯೇ ಎಂದು ಕೈಯಿಂದ ಮುಟ್ಟಿಯೇ ನೋಡಬೇಕು. ಸೀಟಿನ ಎತ್ತರ ಸರಿಯಿದೆಯೇ ಎಂದು ತಿಳಿಯಲು ಪೆಡಲನ್ನು ಪೂರ್ತಿ ಕೆಳಗಿಳಿಸಿ ಅದರ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೆಟ್ಟಗಾಗಬೇಕು. ಸೀಟು ತಗ್ಗಾಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಮಂಡಿಯ ಮುಂಭಾಗ ನೋಯತೊಡಗುತ್ತದೆ.

ಹೊಟ್ಟೆಗೆ ಒಂದು ಬಾಳೆಹಣ್ಣು, ಒಂದು ಲೋಟ ಟೀ ಸಾಕು. ತಿಂಡಿಗೆ ಶಿಡ್ಲಘಟ್ಟವಿದೆ.

ಮೊದಲ ಗಂಟೆ

ಮೊದಲ ಇಪ್ಪತ್ತು ಕಿಲೋಮೀಟರನ್ನು ಮಾತಾಡಿಕೊಂಡು ಹೋಗಬಹುದಾದ ವೇಗದಲ್ಲೇ ಸಾಗಿ. ತಂಪಿನ ಹೊತ್ತಿನಲ್ಲಿ, ಹೊಸ ಹುರುಪಿನಲ್ಲಿ ಗಂಟೆಗೆ 25 ಕಿ.ಮೀ. ಮುಟ್ಟುವುದು ಸುಲಭ. ಹಾಗೆ ಎಳೆದುಕೊಂಡು ಹೋದ ಗುಂಪು ತಿಂಡಿಯ ಹೊತ್ತಿಗೆ ಮೂರು ಚೂರಾಗಿರುತ್ತದೆ, ಮುಂದಿನವರು ಗಳಿಸಿದ ಹತ್ತು ನಿಮಿಷ ಹಿಂದಿನವರನ್ನು ಕಾಯುವುದರಲ್ಲೇ ಹೋಗುತ್ತದೆ. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಂಬತ್ತರ ಆಸುಪಾಸಿನಲ್ಲಿ ಪೆಡಲ್ ಸುತ್ತುವಂತೆ ನೋಡಿಕೊಳ್ಳಿ. ಭಾರದ ಗೇರಿನಲ್ಲಿ ನಿಧಾನ ತುಳಿಯುವುದು ಮೊದಲಿಗೆ ಸುಖವೆನಿಸಿದರೂ ಮಂಡಿಗಳು ಅದರ ಲೆಕ್ಕವನ್ನು ಮೂರನೆಯ ದಿನ ಕೇಳುತ್ತವೆ.

ಶಿಡ್ಲಘಟ್ಟದ ಒಳಗೆ ಎಚ್ಚರದಿಂದ ಹೋಗಬೇಕು. ಹಿಪ್ಪುನೇರಳೆ ತೋಟಗಳು ರಸ್ತೆಯ ಎರಡೂ ಕಡೆ ದಟ್ಟವಾಗುತ್ತಿದ್ದಂತೆ ಊರು ಹತ್ತಿರವಾಯಿತೆಂದು ತಿಳಿಯಬಹುದು. ರೇಷ್ಮೆಗೂಡಿನ ಮಾರುಕಟ್ಟೆಗೆ ರೈತರು ಬೆಳಗಿನ ಹೊತ್ತೇ ಬರುವುದರಿಂದ ಗೂಡಿನ ಚೀಲ ಕಟ್ಟಿಕೊಂಡ ಬೈಕುಗಳು, ಗೂಡ್ಸ್ ಆಟೊಗಳು ನಿಮ್ಮ ಜೊತೆಗೇ ಊರೊಳಗೆ ನುಗ್ಗುತ್ತವೆ, ಅವರಿಗೆ ಹರಾಜಿನ ಆತುರವಿರುತ್ತದೆ. ಗೂಡು ಬೇಯಿಸುವ ವಾಸನೆ ಮೊದಲ ಬಾರಿ ಬಂದವರಿಗೆ ಹೊಟ್ಟೆ ತೊಳಸುವಂತೆ ಮಾಡಬಹುದಾದ್ದರಿಂದ ತಿಂಡಿಗೆ ರೇಷ್ಮೆ ನೂಲು ಬಿಚ್ಚುವ ಫಿಲೇಚರುಗಳಿಂದ ದೂರದ, ಬಸ್ ನಿಲ್ದಾಣದ ಕಡೆಯ ಹೋಟೆಲನ್ನು ಹಿಡಿಯುವುದು ಒಳ್ಳೆಯದು.

ತಿಂಡಿಗೆ ನಲವತ್ತು ನಿಮಿಷ ಎಂದು ಮೊದಲೇ ಹೇಳಿಬಿಡಿ. ಇಪ್ಪತ್ತು ಜನ ಇಪ್ಪತ್ತು ಬಗೆಯ ದೋಸೆ ಹೇಳಿದರೆ ಆ ಗಡುವು ಉಳಿಯುವುದಿಲ್ಲ. ಎಲ್ಲರಿಗೂ ಇಡ್ಲಿ ಎಂದರೆ ಐದು ನಿಮಿಷದಲ್ಲಿ ತಟ್ಟೆ ಬರುತ್ತದೆ, ಎಣ್ಣೆಯೂ ಹೊಟ್ಟೆ ಸೇರುವುದಿಲ್ಲ. ಮುಂದೆ ಹೋಗುವವರು ಹತ್ತು ನಿಮಿಷ ಮೊದಲೇ ತಲುಪಿ ಹೇಳಿಟ್ಟರೆ ಇನ್ನೂ ಅನುಕೂಲ.

ಸಾಲಿನಲ್ಲಿ ಸಾಗುವ ಕ್ರಮ

ಶಿಡ್ಲಘಟ್ಟದಿಂದ ಚಿಂತಾಮಣಿಯ ಕಡೆಗಿನ ರಸ್ತೆ ರಾಷ್ಟ್ರೀಯ ಹೆದ್ದಾರಿ 69, ಹಿಂದೆ ಇದಕ್ಕೆ 234 ಎಂಬ ಸಂಖ್ಯೆಯಿತ್ತು. ಇಲ್ಲಿ ಒಬ್ಬರ ಹಿಂದೊಬ್ಬರು ಒಂದೇ ಸಾಲಿನಲ್ಲಿ ಹೋಗಬೇಕು. ಇಡೀ ಗುಂಪು ಒಂದೇ ಉದ್ದನೆಯ ಸಾಲಾದರೆ ಹಿಂದಿನಿಂದ ಬರುವ ಬಸ್ಸು ಅಷ್ಟನ್ನೂ ಒಂದೇ ಸಲ ದಾಟಬೇಕಾಗುತ್ತದೆ, ಎದುರಿನಿಂದ ಲಾರಿ ಕಂಡೊಡನೆ ಅದು ಸೈಕಲ್ಲುಗಳ ಮೇಲೆಯೇ ಒತ್ತಿಬರುತ್ತದೆ. ಆರೆಂಟು ಜನರ ತುಂಡುಗಳಾಗಿ, ನಡುವೆ ನೂರು ಮೀಟರಿನಷ್ಟು ಜಾಗ ಬಿಟ್ಟು ಸಾಗಿದರೆ ಬಸ್ಸಿನವರು ಒಂದು ತುಂಡನ್ನು ದಾಟಿ ಎಡಕ್ಕೆ ಬಂದು ಮತ್ತೆ ಮುಂದಿನದನ್ನು ದಾಟಬಹುದು.

ಗಾಳಿಯನ್ನು ಸೀಳುವ ಶ್ರಮ ಮುಂದಿರುವವರದು, ಅವರ ಚಕ್ರದ ಹಿಂದೆಯೇ ಇರುವವರಿಗೆ ಶ್ರಮ ಎಷ್ಟೋ ತಗ್ಗುತ್ತದೆ. ಹೀಗಾಗಿ ಐದೈದು ನಿಮಿಷಕ್ಕೊಮ್ಮೆ ಮುಂದಿನ ಜಾಗ ಬದಲಾಗಬೇಕು. ಬಿಟ್ಟುಕೊಡುವವರು ಹಿಂದೆ ವಾಹನವಿಲ್ಲವೆಂದು ಖಚಿತಪಡಿಸಿಕೊಂಡು, ಮೊಣಕೈಯಿಂದ ಸನ್ನೆ ಮಾಡಿ, ಸ್ವಲ್ಪ ಬಲಕ್ಕೆ ಸರಿದು ವೇಗ ತಗ್ಗಿಸಿ ಸಾಲಿನ ಕೊನೆಗೆ ಸೇರಿಕೊಳ್ಳಬೇಕು. ಈಗ ಮುಂದೆ ಬಂದವರು ತಮ್ಮ ಸರದಿಯೆಂದು ವೇಗ ಹೆಚ್ಚಿಸಬಾರದು. ಸಾಲು ಹರಿದುಹೋಗುವುದು ಬಹುಮಟ್ಟಿಗೆ ಇದೇ ಗಳಿಗೆಯಲ್ಲಿ. ದಣಿದವರನ್ನು ಈ ಸರದಿಯಿಂದ ಬಿಟ್ಟುಬಿಡಿ, ಅವರು ಸಾಲಿನ ನಡುವೆಯೇ ಇರಲಿ.

ಮುಂದಿನವರ ಚಕ್ರಕ್ಕೂ ನಿಮ್ಮದಕ್ಕೂ ನಡುವೆ ಒಂದು ಸೈಕಲ್ ಉದ್ದದ ಅಂತರ ಹೊಸಬರಿಗೆ ಸಾಕು. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಬರದಂತೆ ಎಚ್ಚರ ವಹಿಸಿ. ಅವರು ಗುಂಡಿ ತಪ್ಪಿಸಲು ಸರಿದರೆ ಎರಡು ಚಕ್ರಗಳೂ ಉಜ್ಜಿಕೊಳ್ಳುತ್ತವೆ, ಬೀಳುವವರು ಯಾವಾಗಲೂ ಹಿಂದಿನವರೇ. ‘ಗುಂಡಿ’, ‘ಹಂಪು’, ‘ಹಿಂದೆ ಗಾಡಿ’, ‘ನಾಯಿ’ ಎಂಬ ನಾಲ್ಕು ಮಾತುಗಳನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಪ್ರತಿಯೊಬ್ಬರೂ ಕೂಗಿ ದಾಟಿಸಬೇಕು. ಹಳ್ಳಿಗಳ ಬಾಗಿಲಲ್ಲಿ ಬಣ್ಣ ಬಳಿಯದ ಹಂಪುಗಳಿರುತ್ತವೆ. ಮರದ ನೆರಳಿನಲ್ಲಿ ಅವು ಕಾಣುವುದೇ ಇಲ್ಲವಾದ್ದರಿಂದ ಶಾಲೆ, ಬಸ್ ತಂಗುದಾಣ, ದೇವಸ್ಥಾನದ ಕಮಾನು ಕಂಡೊಡನೆ ಹಂಪು ಇದೆಯೆಂದೇ ತಿಳಿದು ವೇಗ ತಗ್ಗಿಸಿ. ಅಟ್ಟಿಬರುವ ನಾಯಿಯಿಂದ ಓಡಿಸಿಕೊಂಡು ಹೋಗುವುದಕ್ಕಿಂತ ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಅದು ಸಾಮಾನ್ಯವಾಗಿ ಹಿಂದಿರುಗುತ್ತದೆ.

ರಸ್ತೆಯ ಮೇಲಿನ ಒಕ್ಕಣೆ

ಈ ಸೀಮೆಯಲ್ಲಿ ನವೆಂಬರಿನಿಂದ ಜನವರಿಯ ತನಕ ತುಳಿಯುವವರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಕೊಯ್ಲಾದ ರಾಗಿಯನ್ನೂ ಹುರುಳಿಯನ್ನೂ ರೈತರು ಹಳ್ಳಿಯ ರಸ್ತೆಗಳ ಮೇಲೆ ಹರಡುತ್ತಾರೆ, ಓಡಾಡುವ ಗಾಡಿಗಳ ಚಕ್ರದಡಿ ಕಾಳು ಉದುರುತ್ತದೆ. ಕಾರಿಗೆ ಇದರಿಂದ ಏನೂ ಆಗುವುದಿಲ್ಲ, ಸೈಕಲ್ಲಿಗೆ ಎರಡು ಅಪಾಯ. ಹುಲ್ಲಿನ ಕೆಳಗೆ ಉದುರಿದ ರಾಗಿಯ ಮೇಲೆ ಚಕ್ರ ಜಾರುತ್ತದೆ, ಬ್ರೇಕ್ ಹಿಡಿದರಂತೂ ಖಂಡಿತ. ಇನ್ನೊಂದು, ಹುರುಳಿಯ ಬಳ್ಳಿ ಅಥವಾ ರಾಗಿಯ ಹುಲ್ಲಿನ ಎಳೆಯೊಂದು ಹಿಂದಿನ ಗೇರಿನ ಸಣ್ಣ ಹಲ್ಲುಚಕ್ರಗಳಿಗೆ ಸಿಕ್ಕಿಕೊಂಡು, ಪೆಡಲ್ ಸುತ್ತಿದಂತೆಲ್ಲ ನೂಲಿನ ಹಾಗೆ ಬಿಗಿಯುತ್ತ ಹೋಗಿ, ಗೇರ್ ಬದಲಿಸುವ ಡಿರೇಲರನ್ನು ಹಿಂದಕ್ಕೆ ಎಳೆದು, ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರನ್ನೇ ಮುರಿಯುತ್ತದೆ. ಹ್ಯಾಂಗರ್ ಮುರಿದರೆ ಆ ಸೈಕಲ್ಲಿನ ದಿನ ಅಲ್ಲಿಗೆ ಮುಗಿಯಿತು, ಅದೇ ಮಾದರಿಯ ಬಿಡಿಭಾಗ ನಿಮ್ಮ ಚೀಲದಲ್ಲೇ ಇದ್ದರೆ ಮಾತು ಬೇರೆ.

ಒಕ್ಕಣೆ ಕಂಡಾಗ ಇಳಿಯಿರಿ, ಸೈಕಲ್ಲನ್ನು ಹೆಗಲಿಗೆತ್ತಿಕೊಂಡು ಅಂಚಿನಲ್ಲಿ ನಡೆಯಿರಿ. ಅದು ಒಂದು ಮನೆಯ ವರ್ಷದ ಅನ್ನ, ಕಾಳಿನ ರಾಶಿಯ ಮೇಲೆ ಶೂ ಕಾಲಿಡಬಾರದು. ‘ದಾಟ್ಕೊಂಡು ಹೋಗ್ಬೋದಾ ಅಣ್ಣ’ ಎಂದು ಒಂದು ಮಾತು ಕೇಳಿದರೆ ಅವರೇ ಹುಲ್ಲು ಸರಿಸಿ ದಾರಿ ಮಾಡಿಕೊಡುತ್ತಾರೆ. ದಾಟಿದ ಮೇಲೆ ಹತ್ತುವ ಮೊದಲು ಹಿಂದಿನ ಚಕ್ರವನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಎಳೆ ಸಿಕ್ಕಿದ್ದರೆ ಕೈಯಿಂದ ಬಿಡಿಸಿ.

ಮುಳ್ಳು ಮತ್ತು ಪಂಕ್ಚರ್

ಜಾಲಿಮುಳ್ಳು ಕಣ್ಣಿಗೆ ಬೀಳುತ್ತದೆ, ನೆಗ್ಗಿಲು ಮುಳ್ಳು ಬೀಳುವುದಿಲ್ಲ. ಡಾಂಬರು ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ, ನೀವು ಸೈಕಲ್ ಒರಗಿಸುವ ಜಾಗದಲ್ಲೇ ಅದು ಹಬ್ಬಿರುತ್ತದೆ. ರಸ್ತೆಯ ಬದಿ ನಿಂತು ಹೊರಡುವಾಗಲೆಲ್ಲ ಕೈಗವಸು ತೊಟ್ಟ ಅಂಗೈಯಿಂದ ಎರಡೂ ಟೈರನ್ನು ಸವರಿ, ಅರ್ಧ ಚುಚ್ಚಿಕೊಂಡ ಮುಳ್ಳು ಟ್ಯೂಬನ್ನು ಮುಟ್ಟುವ ಮೊದಲೇ ಉದುರಿಬೀಳುತ್ತದೆ.

ಪಂಕ್ಚರಾದರೆ ರಸ್ತೆಯಲ್ಲಿ ಪ್ಯಾಚ್ ಹಾಕಲು ಕೂರಬೇಡಿ. ಟ್ಯೂಬ್ ಬದಲಿಸಿ, ತೂತಾದದ್ದನ್ನು ಸಂಜೆಗೆ ಇಟ್ಟುಕೊಳ್ಳಿ. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತಂದು ಚಕ್ರ ಬಿಚ್ಚಬೇಕು. ಟೈರಿನ ಒಂದು ಅಂಚನ್ನು ಮಾತ್ರ ಲಿವರಿನಿಂದ ಎಬ್ಬಿಸಿ ಟ್ಯೂಬ್ ಎಳೆದುಕೊಳ್ಳಿ. ಈಗ ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಡವಬೇಕು, ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸ ಟ್ಯೂಬೂ ಕಾಲು ಗಂಟೆಯಲ್ಲಿ ಕುಳಿತುಬಿಡುತ್ತದೆ. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗಿಟ್ಟು, ಟೈರಿನ ಅಂಚನ್ನು ಹೆಬ್ಬೆರಳುಗಳಿಂದಲೇ ಒತ್ತಿ ಕೂರಿಸಿ. ಲಿವರ್ ಹಾಕಿದರೆ ಟ್ಯೂಬನ್ನು ಕಚ್ಚುವ ಸಂಭವ ಹೆಚ್ಚು. ರೂಢಿಯಾದವರಿಗೆ ಹತ್ತು ನಿಮಿಷದ ಕೆಲಸವಿದು. ಸೈಕಲ್ಲಿನವರು ಮತ್ತು ಹಿಂದಿನವರು ಮಾತ್ರ ನಿಲ್ಲಲಿ, ಉಳಿದವರು ಮುಂದಿನ ಊರಿನಲ್ಲಿ ಕಾಯಲಿ. ಇಡೀ ಗುಂಪು ಹೆದ್ದಾರಿಯ ಬದಿ ನಿಂತರೆ ಹೊತ್ತೂ ಹೋಗುತ್ತದೆ, ಅಪಾಯವೂ ಹೆಚ್ಚುತ್ತದೆ.

ತೆಳುವಾದ ಪ್ರೆಸ್ಟಾ ವಾಲ್ವಿನ ಟ್ಯೂಬ್ ಬಳಸುವವರು ಬೈಕಿನ ವಾಲ್ವಿಗೆ ಹೊಂದಿಸುವ ಹಿತ್ತಾಳೆಯ ಅಡಾಪ್ಟರನ್ನು ಜೊತೆಗಿಟ್ಟುಕೊಳ್ಳಬೇಕು, ಪಂಕ್ಚರ್ ಅಂಗಡಿಯ ಗಾಳಿಯ ಪೈಪು ಅದಿಲ್ಲದೆ ಹಿಡಿಯುವುದಿಲ್ಲ. ಕಂಪ್ರೆಸರಿನ ಗಾಳಿ ತೆಳು ಟ್ಯೂಬನ್ನು ಕ್ಷಣದಲ್ಲಿ ಒಡೆಯಬಲ್ಲದಾದ್ದರಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳಿ.

ನೀರು, ಉಪ್ಪು, ಆಹಾರ

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು, ಬಾಯಾರಿಕೆಗೆ ಕಾಯದೆ ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯುತ್ತಿರಬೇಕು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ನಲ್ಲಿಯ ನೀರಿಗಿಂತ ಊರೂರಿನಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಬಾಟಲಿ ತುಂಬಿಸಿಕೊಳ್ಳುವುದು ಲೇಸು, ಚಿಲ್ಲರೆ ನಾಣ್ಯಗಳು ಜೇಬಿನಲ್ಲಿರಲಿ. ಬೆವರು ಹೆಚ್ಚಾದಾಗ ಬರೀ ನೀರು ಸಾಲದು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಯಬಹುದು. ಎಳನೀರು, ಉಪ್ಪು ಹಾಕಿದ ಮಜ್ಜಿಗೆ ಎರಡೂ ಒಳ್ಳೆಯವು.

ತಿಂಡಿಯ ನಂತರ ಗಂಟೆಗೊಮ್ಮೆ ಬಾಳೆಹಣ್ಣೋ ಕಡಲೆ ಮಿಠಾಯಿಯೋ ಹೊಟ್ಟೆಗೆ ಬೀಳಲಿ. ಕೈಕಾಲು ಸೋತ ಮೇಲೆ ತಿಂದರೆ ಅದು ಕೆಲಸಕ್ಕೆ ಬರುವ ಹೊತ್ತಿಗೆ ಅರ್ಧ ಗಂಟೆ ಕಳೆದಿರುತ್ತದೆ. ಜೊತೆಗಾರರಲ್ಲಿ ಯಾರಿಗಾದರೂ ತಲೆಸುತ್ತು, ಬಿಸಿಲಿನಲ್ಲೂ ಮೈ ಜುಮ್ಮೆನ್ನುವ ಚಳಿ, ವಾಕರಿಕೆ ಕಂಡರೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಒದ್ದೆ ಮಾಡಿ ಕುತ್ತಿಗೆ, ಕಂಕುಳಿಗೆ ಇಡಿ. ಮಾತು ತಡವರಿಸಿದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ.

ಚಿಂತಾಮಣಿಯ ನಿರ್ಧಾರ, ಶ್ರೀನಿವಾಸಪುರದ ಬಿಡುವು

ಹತ್ತು ಗಂಟೆಯೊಳಗೆ ಚಿಂತಾಮಣಿ ಸೇರಿದರೆ ದಿನ ಸರಿಯಾಗಿ ನಡೆಯುತ್ತಿದೆ. ಇಲ್ಲಿ ಇಪ್ಪತ್ತು ನಿಮಿಷ ನಿಂತು ಪ್ರತಿಯೊಬ್ಬರ ಮುಖ ನೋಡಿ ಮಾತಾಡಿಸುವುದು ಮುಂದಾಳಿನ ಕರ್ತವ್ಯ. ಚಿಂತಾಮಣಿಯಿಂದ ಕೋಲಾರಕ್ಕೆ ನೇರ ರಸ್ತೆಯೊಂದಿದ್ದು, ಶ್ರೀನಿವಾಸಪುರದ ಸುತ್ತಿಗಿಂತ ಹತ್ತು ಕಿಲೋಮೀಟರಿಗೂ ಹೆಚ್ಚು ಉಳಿಯುತ್ತದೆ. ದಣಿದವರನ್ನು ಇಬ್ಬರ ಜೊತೆಮಾಡಿ ಆ ದಾರಿಯಲ್ಲಿ ಕಳಿಸುವುದರಲ್ಲಿ ಯಾವ ಅವಮಾನವೂ ಇಲ್ಲ. ಹಾಗೆಯೇ, ಗೊತ್ತಿಲ್ಲದೆ ‘ಕೋಲಾರ’ ಎಂಬ ಫಲಕ ನೋಡಿ ಅತ್ತ ತಿರುಗಿಬಿಡುವವರೂ ಇರುತ್ತಾರಾದ್ದರಿಂದ ತಿರುವಿನ ನಿಯಮ ಇಲ್ಲಿ ಬಿಗಿಯಾಗಿರಬೇಕು. ಪೂರ್ತಿ ಸೋತವರಿಗೆ ಗೂಡ್ಸ್ ಗಾಡಿಗಳಿವೆ. ಟೊಮೆಟೊ ಕ್ರೇಟುಗಳನ್ನು ಮಾರುಕಟ್ಟೆಗೆ ಇಳಿಸಿ ಖಾಲಿ ಹಿಂದಿರುಗುವ ಚಾಲಕರು ನ್ಯಾಯವಾದ ಬಾಡಿಗೆಗೆ ಸೈಕಲ್ಲನ್ನೂ ಸವಾರರನ್ನೂ ಒಯ್ಯಲು ಸಾಮಾನ್ಯವಾಗಿ ಒಪ್ಪುತ್ತಾರೆ.

ಚಿಂತಾಮಣಿ ದಾಟಿದ ಮೇಲೆ ಬಿಸಿಲು ಏರುತ್ತದೆ, ಜೊತೆಗೆ ಗಾಳಿಯೂ. ಜೂನ್‌ನಿಂದ ಆಗಸ್ಟಿನವರೆಗೆ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಪೂರ್ವಕ್ಕೆ ಹೋಗುವವರ ಬೆನ್ನು ತಳ್ಳುತ್ತದೆ. ಡಿಸೆಂಬರ್, ಜನವರಿಯಲ್ಲಿ ಅದು ಮೂಡಣದ ಕಡೆಯಿಂದ ಎದುರಾಗುತ್ತದೆ, ಆಗ ವೇಗದ ಆಸೆ ಬಿಟ್ಟು ಒಂದು ಗೇರ್ ಇಳಿಸಿ ಸಾಲನ್ನು ಒತ್ತಾಗಿಟ್ಟುಕೊಳ್ಳಿ. ಮಾವಿನ ತೋಪುಗಳು ಆರಂಭವಾದರೆ ಶ್ರೀನಿವಾಸಪುರದ ಸೀಮೆಗೆ ಬಂದಂತೆ. ಮಾವಿನ ಸುಗ್ಗಿಯಲ್ಲಿ ಇಲ್ಲಿನ ರಸ್ತೆ ಲಾರಿಗಳಿಂದ ತುಂಬಿರುತ್ತದೆ, ಮೇ, ಜೂನ್‌ನಲ್ಲಿ ಬರುವವರು ಅದಕ್ಕೂ ಸಿದ್ಧರಿರಬೇಕು.

ಹನ್ನೆರಡಕ್ಕೆ ಮೊದಲು ಶ್ರೀನಿವಾಸಪುರ ಸೇರಿ ಎರಡೂವರೆಯವರೆಗೆ ಅಲ್ಲೇ ಇರಿ. ಉಳಿದ 25 ಕಿ.ಮೀ. ಒಂದೇ ಏಟಿಗೆ ಮುಗಿಸೋಣ ಎಂಬ ಒತ್ತಾಯ ಗುಂಪಿನಲ್ಲಿ ಏಳುತ್ತದೆ, ಅದಕ್ಕೆ ಮಣಿಯಬೇಡಿ. ನಾಳೆಯೂ ತುಳಿಯಬೇಕಾದವರಿಗೆ ನೆತ್ತಿಯ ಮೇಲಿನ ಬಿಸಿಲಿನ ಒಂದು ಗಂಟೆ ಬೆಳಗಿನ ಮೂರು ಗಂಟೆಯಷ್ಟು ದುಬಾರಿ. ಮಳೆಗಾಲದ ಮೋಡದ ದಿನವಾದರೆ ಮಾತ್ರ ಈ ಬಿಡುವನ್ನು ಒಂದು ಗಂಟೆಗೆ ಇಳಿಸಬಹುದು. ಊಟಕ್ಕೆ ಅನ್ನ, ಸಾರು, ಮಜ್ಜಿಗೆ ಸಾಕು, ಮುದ್ದೆ ಬೇಕೇಬೇಕೆನ್ನುವವರು ಅರ್ಧಕ್ಕೆ ನಿಲ್ಲಿಸಲಿ. ಮಹಿಳಾ ಸವಾರರು ಇರುವ ಗುಂಪಿನವರು ಶೌಚಾಲಯ ಸರಿಯಿರುವ ಹೋಟೆಲ್ ಅಥವಾ ಪೆಟ್ರೋಲ್ ಬಂಕನ್ನು ಮೊದಲೇ ವಿಚಾರಿಸಿಕೊಂಡು ನಿಲುಗಡೆ ಗೊತ್ತುಮಾಡಬೇಕು. ಇದನ್ನು ದಾರಿಯಲ್ಲಿ ನೋಡಿಕೊಳ್ಳೋಣ ಎಂದು ಬಿಡುವುದು ಸರಿಯಲ್ಲ, ಶೌಚಾಲಯದ ಚಿಂತೆಯಿಂದ ನೀರನ್ನೇ ಕುಡಿಯದೆ ತುಳಿದು ಅಸ್ವಸ್ಥರಾಗುವವರಿದ್ದಾರೆ.

ಹೊರಡುವಾಗ ನೆನಪಿರಲಿ, ಹೆದ್ದಾರಿ ಇಲ್ಲಿಂದ ಮುಳಬಾಗಿಲಿನ ಕಡೆಗೆ ಹೋಗುತ್ತದೆ, ನಿಮ್ಮದು ಕೋಲಾರದ ರಸ್ತೆ.

ಕೋಲಾರ ಸೇರಿದ ಮೇಲೆ

ನಾಲ್ಕೂವರೆಯ ಒಳಗೆ ಕೋಲಾರದಲ್ಲಿರುತ್ತೀರಿ. ಊರಿನ ಹೊರಗೇ ನಿಂತು ಎಲ್ಲರೂ ಕೂಡಿಕೊಂಡ ಮೇಲೆ ಒಟ್ಟಿಗೆ ಒಳಗೆ ಹೋಗಿ, ಸಂಜೆಯ ಊರಿನ ದಟ್ಟಣೆಯಲ್ಲಿ ಒಬ್ಬೊಬ್ಬರಾಗಿ ವಸತಿ ಹುಡುಕುವುದು ದಣಿವಿಗೆ ದಣಿವು ಸೇರಿಸುತ್ತದೆ. ತಲುಪಿದ ಅರ್ಧ ಗಂಟೆಯಲ್ಲಿ ಏನಾದರೂ ತಿನ್ನಬೇಕು, ಸ್ನಾನ ಅದರ ನಂತರ. ತೊಡೆಸಂದಿಯಲ್ಲಿ ಉಜ್ಜಿದ ಗಾಯವಿದ್ದರೆ ಸೋಪಿನಿಂದ ತೊಳೆದು ಪೂರ್ತಿ ಒಣಗಿಸಿ ಮುಲಾಮು ಹಚ್ಚಿ, ಇಂದಿನ ಚಡ್ಡಿಯನ್ನು ಒಗೆಯದೆ ನಾಳೆ ತೊಡಬೇಡಿ. ಕಸುವು ಉಳಿದವರು ಕೋಲಾರಮ್ಮನ ಗುಡಿಗೂ ಸೋಮೇಶ್ವರ ದೇವಾಲಯಕ್ಕೂ ನಡೆದುಹೋಗಿ ಬರಬಹುದು, ಸಣ್ಣ ನಡಿಗೆ ಬಿಗಿದ ಕಾಲುಗಳನ್ನು ಸಡಿಲಿಸುತ್ತದೆ. ಅಂತರಗಂಗೆಯ ಮೆಟ್ಟಿಲು ಹತ್ತುವ ಉತ್ಸಾಹವನ್ನು ಮಾತ್ರ ಬಿಡುವಿನ ದಿನಕ್ಕೆ ಇಟ್ಟುಕೊಳ್ಳಿ.

ಸೈಕಲ್ಲಿನ ಕೆಲಸ ಬೆಳಕಿರುವಾಗಲೇ ಮುಗಿಯಲಿ. ಚೈನನ್ನು ಒಣ ಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ಸುತ್ತುತ್ತ ಧೂಳು ಒರೆಸಿ, ಪ್ರತಿ ಕೊಂಡಿಗೂ ಒಂದು ಹನಿ ಎಣ್ಣೆ ಬಿಟ್ಟು, ಹತ್ತು ನಿಮಿಷದ ನಂತರ ಮೇಲಿನ ಎಣ್ಣೆಯನ್ನು ಒರೆಸಿಬಿಡಿ. ಜಿಡ್ಡು ಉಳಿದರೆ ನಾಳೆಯ ಧೂಳೆಲ್ಲ ಅಲ್ಲೇ ಅಂಟುತ್ತದೆ. ಟೈರಿನ ಮೈಯಲ್ಲಿ ಗಾಜಿನ ಚೂರು, ಮುಳ್ಳು ಹುಡುಕಿ ತೆಗೆಯಿರಿ. ಬೆಳಗ್ಗೆ ತೂತಾದ ಟ್ಯೂಬಿಗೆ ಪ್ಯಾಚ್ ಹಾಕಿ ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ಏಳುತ್ತದೆಯೇ ನೋಡಿ ಮಡಿಸಿಡಿ.

ರಾತ್ರಿಗೆ ಮುದ್ದೆ, ಬಸ್ಸಾರು ಹೊಟ್ಟೆ ತುಂಬ ಉಣ್ಣಲು ಅಡ್ಡಿಯಿಲ್ಲ. ಮಲಗುವ ಮುನ್ನ ಮತ್ತೆ ಹದಿನೈದು ನಿಮಿಷ ಕೂಡಿ, ಇವತ್ತು ಎಲ್ಲಿ ಎಷ್ಟು ಹೊತ್ತು ನಿಂತೆವೆಂದು ಬರೆದುಕೊಂಡು ನಾಳೆಯ ನಿಲುಗಡೆಗಳನ್ನು ತಿದ್ದಿಕೊಳ್ಳಿ. ಇಂದು ಹಿಂದೆ ಬಂದವರಿಗೆ ನಾಳೆ ಆ ಕೆಲಸದಿಂದ ಬಿಡುವು ಕೊಟ್ಟು ಬೇರೆಯವರನ್ನು ಗೊತ್ತುಮಾಡಿ, ಪಂಪನ್ನೂ ಚೈನ್ ಟೂಲನ್ನೂ ಆಗಲೇ ಅವರ ಚೀಲಕ್ಕೆ ದಾಟಿಸಿ. ಮುಂದಿನ ಹಾದಿ ಮುಳಬಾಗಿಲಿನ ಕಡೆಗಾದರೆ ಮೂವತ್ತು ಕಿಲೋಮೀಟರಿನ ಆಚೆ ತಿಂಡಿಗೆ ಅಲ್ಲಿಯ ಹೆಸರಾಂತ ದೋಸೆಯಿದೆ. ಅಲ್ಲಿ ದೋಸೆಯನ್ನೇ ಹೇಳಿ, ಆದರೆ ನಲವತ್ತು ನಿಮಿಷದ ಗಡುವನ್ನು ಒಂದು ಗಂಟೆಗೆ ಏರಿಸಿಕೊಂಡು ಅಷ್ಟೇ ಬೇಗ ಹೊರಡಿ.